ಸೀರಮ್ ಹಚ್ಚಿದ ಮೇಲೂ ಮುಖ ಬಿಗಿಯುವುದೇಕೆ?

ಪ್ರಶ್ನೆ: ನನ್ನದು ಜಿಡ್ಡಿನ ಚರ್ಮ. ದಿನಕ್ಕೆ ಮೂರು ಸಲ ಫೇಸ್ ವಾಶ್ ಹಾಕಿ ಮುಖ ತೊಳೆಯುತ್ತೇನೆ. ತೊಳೆದ ಹತ್ತು ನಿಮಿಷಕ್ಕೆ ಕೆನ್ನೆ ಹಿಡಿದೆಳೆದಂತೆ ಬಿಗಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಹಣೆ, ಮೂಗು ಮಾತ್ರ ಎಣ್ಣೆ ಸವರಿದಂತೆ ಹೊಳೆಯುತ್ತವೆ. ಕ್ರೀಮ್ ಹಚ್ಚಿದರೆ ಭಾರವೆನಿಸುತ್ತದೆ, ಮೊಡವೆಯೂ ಏಳುತ್ತದೆ. ಸ್ನೇಹಿತೆಯ ಮಾತು ಕೇಳಿ ಹಯಲುರಾನಿಕ್ ಆಮ್ಲದ ಹಗುರ ಸೀರಮ್ ತಂದೆ. ಹಚ್ಚಿದ ಕೂಡಲೇ ಹಿತವಾಗಿರುತ್ತದೆ, ಅರ್ಧ ಗಂಟೆ ಕಳೆದರೆ ಮೊದಲಿಗಿಂತ ಹೆಚ್ಚು ಬಿಗಿತ. ಸೀರಮ್ ನನಗೆ ಒಗ್ಗುವುದಿಲ್ಲವೇ? ದಿನವೂ ಹಚ್ಚಬಹುದೇ? ಅದರ ಮೇಲೆ ಕ್ರೀಮ್ ಬೇಕೇ ಬೇಕೇ? ಒಳ್ಳೆಯ ಸೀರಮ್ ಯಾವುದೆಂದು ಲೇಬಲ್ ನೋಡಿ ತಿಳಿಯುವುದು ಹೇಗೆ?

ಉತ್ತರ: ಸೀರಮ್ ಅನ್ನು ಬೈಯುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಗಾಜಿನ ತಟ್ಟೆಯೊಂದರ ಮೇಲೆ ನಿಮ್ಮ ಸೀರಮ್‌ನ ಎರಡು ಹನಿ ಹಾಕಿ ಬೆರಳಿನಿಂದ ತೆಳ್ಳಗೆ ಸವರಿ. ಪಕ್ಕದಲ್ಲಿ ಒಂದು ಹನಿ ಗ್ಲಿಸರಿನ್ ಅನ್ನು ಐದಾರು ಹನಿ ನೀರಿನಲ್ಲಿ ಕಲಸಿ ಅದನ್ನೂ ಹಾಗೆಯೇ ಸವರಿ. ಗಾಳಿಗೆ ಬಿಟ್ಟು, ಒಂದು ಗಂಟೆಯ ನಂತರ ಬಂದು ಮುಟ್ಟಿ ನೋಡಿ. ಗ್ಲಿಸರಿನ್ ಸವರಿದ ಜಾಗ ಇನ್ನೂ ಹಸಿಯಾಗಿಯೇ ಇರುತ್ತದೆ, ಬೆರಳು ಜಾರುತ್ತದೆ. ಸೀರಮ್ ಸವರಿದ ಜಾಗದಲ್ಲಿ ಪಾರದರ್ಶಕ ಪೊರೆಯೊಂದು ಒಣಗಿ ಕೂತಿದ್ದರೆ, ಉಗುರಿನಿಂದ ಕೆರೆದಾಗ ಅದು ಸಣ್ಣ ಚಕ್ಕೆಯಾಗಿ ಎದ್ದು ಬಂದರೆ, ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೆನ್ನೆಯ ಮೇಲೆ ನಡೆಯುತ್ತಿರುವುದೂ ಅದೇ. ಪೊರೆ ಒಣಗುತ್ತಾ ಕುಗ್ಗುತ್ತದೆ, ಕುಗ್ಗುತ್ತಾ ತನ್ನ ಕೆಳಗಿನ ಚರ್ಮವನ್ನು ತುಸು ಎಳೆಯುತ್ತದೆ.

ನಾನು ಚರ್ಮದ ವೈದ್ಯೆಯಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂಥ ಸೀರಮ್, ಲೋಷನ್‌ಗಳನ್ನು ಪ್ರಯೋಗಾಲಯದಲ್ಲಿ ಅಳೆದು ಕಲಸುವ ರಸಾಯನ ತಜ್ಞೆ. ರೋಗದ ಮಾತು ಬಂದಾಗ ವೈದ್ಯರ ಕಡೆಗೆ ಕೈ ತೋರಿಸುತ್ತೇನೆ. ಬಾಟಲಿಯೊಳಗೆ ಏನಿದೆ, ಅದು ಮುಖದ ಮೇಲೆ ಹೇಗೆ ವರ್ತಿಸುತ್ತದೆ ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಆ ಧೈರ್ಯದಿಂದಲೇ ಹೇಳುತ್ತಿದ್ದೇನೆ: ನಿಮ್ಮ ತೊಂದರೆ ಶುರುವಾಗುವುದು ಸೀರಮ್‌ನಿಂದಲ್ಲ, ಮೂರು ಸಲದ ಫೇಸ್ ವಾಶ್‌ನಿಂದ.

ಚರ್ಮದ ತೀರಾ ಮೇಲಿನ ಪದರ ಸತ್ತ ಕೋಶಗಳದ್ದು. ಮುಖದಲ್ಲಿ ಅದರ ದಪ್ಪ ಒಂದು ಮಿಲಿಮೀಟರ್‌ನ ನೂರರಲ್ಲಿ ಒಂದೆರಡು ಭಾಗದಷ್ಟು, ಅಷ್ಟೇ. ಚಪ್ಪಟೆಯಾದ ಕೋಶಗಳು ಒಂದರ ಮೇಲೊಂದು ಒತ್ತಾಗಿ ಮಲಗಿರುತ್ತವೆ, ನಡುವಿನ ಸಂದುಗಳಲ್ಲಿ ಸೆರಮೈಡ್ ಎಂಬ ಕೊಬ್ಬು, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳ ತೆಳು ಲೇಪ. ಒಳಗಿನ ಜೀವಂತ ಪದರಗಳಲ್ಲಿ ಶೇಕಡಾ 70ರಷ್ಟು ನೀರಿದ್ದರೆ ಈ ಮೇಲ್ಪದರದಲ್ಲಿ ಇರುವುದು ಬಹಳ ಕಡಿಮೆ, ಸುಮಾರು 10ರಿಂದ 30. ಅದು 10ಕ್ಕಿಂತ ಕೆಳಗಿಳಿದರೆ ಪದರ ಗಡುಸಾಗುತ್ತದೆ, ಬಿರಿಯುತ್ತದೆ, ಹೊಟ್ಟಿನಂತೆ ಏಳುತ್ತದೆ. ನೀವು ‘ಹಿಡಿದೆಳೆದಂತೆ’ ಎಂದು ಬರೆದಿರಲ್ಲ, ಅದು ಬರಿಯ ಅನಿಸಿಕೆಯಲ್ಲ. ನೀರು ಕಳೆದುಕೊಂಡ ಪದರ ನಿಜವಾಗಿಯೂ ಕುಗ್ಗುತ್ತದೆ.

ಮೃದುತ್ವ ಬರುವುದು ಎಣ್ಣೆಯಿಂದ ಎಂದು ಬಹುಕಾಲ ನಂಬಿದ್ದರು. 1952ರಲ್ಲಿ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿ ಅದನ್ನು ಬಹಳ ಸರಳವಾಗಿ ಪರೀಕ್ಷಿಸಿದರು. ದಡ್ಡುಗಟ್ಟಿದ ಚರ್ಮದ ತುಣುಕುಗಳನ್ನು ಒಣಗಿಸಿದಾಗ ಅವು ಗಡುಸಾದವು. ಅವನ್ನು ಎಣ್ಣೆಯಲ್ಲಿ ನೆನೆಸಿಟ್ಟರೂ ಮೆತ್ತಗಾಗಲಿಲ್ಲ. ನೀರು ಸೋಕಿದಾಗ ಬಾಗತೊಡಗಿದವು. ಚರ್ಮವನ್ನು ಮೆತ್ತಗಿಡುವುದು ನೀರು, ಎಣ್ಣೆಯ ಕೆಲಸ ಆ ನೀರು ಹಾರಿಹೋಗದಂತೆ ತಡೆಯುವುದು. ನನ್ನ ಕಸುಬಿನ ಬುಡ ಈ ಒಂದು ಮಾತಿನಲ್ಲಿದೆ. ನಿಮ್ಮ ಮುಖದ ಒಗಟೂ ಇದರಿಂದಲೇ ಬಿಡುತ್ತದೆ. ಹಣೆ, ಮೂಗಿನ ಮೇಲೆ ಜಿಡ್ಡಿನ ಗ್ರಂಥಿಗಳು ಚದರ ಸೆಂಟಿಮೀಟರ್‌ಗೆ ನೂರಾರು ಇವೆ, ಕೆನ್ನೆಯ ಮೇಲೆ ಅಷ್ಟಿಲ್ಲ. ಹಾಗಾಗಿ ಹಣೆ ಹೊಳೆಯುತ್ತಿರುವಾಗಲೇ ಕೆನ್ನೆ ಬಿಗಿಯಬಹುದು. ಜಿಡ್ಡು ಬೇರೆ, ತೇವ ಬೇರೆ. ನಿಮ್ಮದು ಜಿಡ್ಡಿರುವ, ಆದರೆ ತೇವ ಕಡಿಮೆಯಾದ ಚರ್ಮ.

ಇನ್ನು ಆ ನೀರನ್ನು ಹಿಡಿದಿಡುವವರು ಯಾರು? ಕೋಶಗಳ ಒಳಗೆ ಫಿಲಾಗ್ರಿನ್ ಎಂಬ ಪ್ರೋಟೀನ್ ಇದೆ. ಕೋಶ ಮೇಲೇರುತ್ತಾ ಒಣಗಿದಂತೆ ಅದು ಒಡೆದು ಅಮಿನೋ ಆಮ್ಲಗಳ ಪುಡಿಯಾಗುತ್ತದೆ. ಆ ಅಮಿನೋ ಆಮ್ಲಗಳು, ಅವುಗಳಿಂದಲೇ ಹುಟ್ಟುವ ಪಿಸಿಎ ಎಂಬ ವಸ್ತು, ಲ್ಯಾಕ್ಟೇಟ್, ಯೂರಿಯಾ, ಒಂದಿಷ್ಟು ಲವಣಗಳು ಎಲ್ಲ ಸೇರಿ ಚರ್ಮದ ಸ್ವಂತ ತೇವ ಹಿಡಿಯುವ ಸಾಮಗ್ರಿಯಾಗುತ್ತವೆ. ಇವೆಲ್ಲಕ್ಕೂ ಒಂದು ದೌರ್ಬಲ್ಯವಿದೆ: ನೀರಿನಲ್ಲಿ ಕರಗುತ್ತವೆ. ಮುಖ ತೊಳೆದಾಗ ನೊರೆ ಮೊದಲು ಸಂದಿನ ಕೊಬ್ಬನ್ನು ಸಡಿಲಿಸುತ್ತದೆ, ಹಿಂದೆಯೇ ನೀರು ಈ ಸಾಮಗ್ರಿಯನ್ನು ತೊಳೆದುಕೊಂಡು ಹೋಗುತ್ತದೆ. ಒಂದು ಸಲ ತೊಳೆದರೆ ಚರ್ಮ ತಡೆದುಕೊಳ್ಳುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ದಿನಕ್ಕೆ ಮೂರು ಸಲ, ಅದೂ ಬೆರಳು ಕಿರುಗುಟ್ಟುವಷ್ಟು ತಿಕ್ಕಿದರೆ ತುಂಬಿಕೊಳ್ಳಲು ಪುರುಸೊತ್ತೇ ಇಲ್ಲ.

ತೇವದ ಸೀರಮ್ ಮಾಡುವ ಕೆಲಸ ಇಷ್ಟೇ: ತೊಳೆದು ಹೋದದ್ದಕ್ಕೆ ಬದಲಿಯನ್ನು ಹೊರಗಿನಿಂದ ತಂದಿಡುವುದು. ಅದು ಆ ಹೊತ್ತಿನ ಕೈಸಾಲ. ಮುಂದಿನ ಸಲ ಮುಖ ತೊಳೆದಾಗ ಅದೂ ಹೋಗುತ್ತದೆ. ಸೋರುವ ಕೊಡಕ್ಕೆ ನೀರು ತುಂಬುತ್ತಾ ಕೂರುವ ಬದಲು ತೂತನ್ನು ಸಣ್ಣದು ಮಾಡುವುದು ಜಾಣತನ. ಆದ್ದರಿಂದ ಫೇಸ್ ವಾಶ್ ಅನ್ನು ರಾತ್ರಿ ಒಂದು ಸಲಕ್ಕೆ ಇಳಿಸಿ, ಹೆಚ್ಚೆಂದರೆ ಎರಡು. ಬೆಳಗ್ಗೆ, ನಡು ಮಧ್ಯಾಹ್ನ ಬರೀ ನೀರು ಸಾಕು. ಬಿಸಿ ನೀರು ಬೇಡ, ಅರ್ಧ ನಿಮಿಷಕ್ಕಿಂತ ಹೆಚ್ಚು ಉಜ್ಜುವುದೂ ಬೇಡ. ಸಾಮಾನ್ಯ ಸೋಪಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, ಏರಿದಷ್ಟೂ ಕ್ಷಾರ) 9ರಿಂದ 10ರ ಆಸುಪಾಸಿನಲ್ಲಿರುತ್ತದೆ, ಚರ್ಮದ್ದು 5ರ ಹತ್ತಿರ. ಹಾಗಾಗಿ ಮುಖಕ್ಕೆ ಸೋಪು ಬೇಡ. ಫೇಸ್ ವಾಶ್‌ನ ಪಟ್ಟಿಯಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಕಟುವಾದ ನೊರೆಕಾರಕ ಮೇಲಿನ ಸಾಲಿನಲ್ಲೇ ಕಂಡರೆ ಅದನ್ನು ಬದಲಿಸಿ. ಕೊಕೊಯಿಲ್ ಐಸೆಥಿಯೊನೇಟ್, ಗ್ಲುಟಮೇಟ್, ಬೀಟೈನ್ ಎಂದು ಕೊನೆಗೊಳ್ಳುವ ಹೆಸರುಗಳು ಇದ್ದದ್ದನ್ನು ಹುಡುಕಿ. ನೊರೆ ಕಡಿಮೆ ಬರಬಹುದು. ನೊರೆಗೂ ಶುಚಿಗೂ ನಾವು ಕಟ್ಟಿದ ನಂಟು ಅಭ್ಯಾಸದ್ದೇ ಹೊರತು ರಸಾಯನದ್ದಲ್ಲ.

ಮುಖ ತೊಳೆದಷ್ಟೂ ಜಿಡ್ಡು ಹೆಚ್ಚುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ನಾನು ಅದನ್ನು ಹೇಳುತ್ತಿಲ್ಲ. ಜಿಡ್ಡಿನ ಗ್ರಂಥಿ ಮುಖ್ಯವಾಗಿ ಹಾರ್ಮೋನ್‌ಗಳ ಮಾತು ಕೇಳುತ್ತದೆ, ಫೇಸ್ ವಾಶ್‌ನ ಮಾತನ್ನಲ್ಲ. ತೊಳೆಯುವುದನ್ನು ಕಡಿಮೆ ಮಾಡಿದರೆ ಹಣೆಯ ಹೊಳಪು ಮಾಯವಾಗುತ್ತದೆ ಎಂದು ಕಾಯಬೇಡಿ. ಕೆನ್ನೆಯ ಬಿಗಿತ ಹೋಗುತ್ತದೆ, ನಾನು ಭರವಸೆ ಕೊಡುವುದು ಅಷ್ಟಕ್ಕೆ. ಮಧ್ಯಾಹ್ನದ ಹೊಳಪಿಗೆ ಒಂದು ತೆಳು ಕಾಗದ ಒತ್ತಿ ತೆಗೆದರೆ ಆಯಿತು.

ಈಗ ಬಾಟಲಿಗೆ ಬರೋಣ. ‘ಸೀರಮ್’ ಎಂಬ ಪದಕ್ಕೆ ಸೌಂದರ್ಯವರ್ಧಕಗಳಲ್ಲಿ ಖಚಿತ ಅರ್ಥವೇ ಇಲ್ಲ. ತೆಳುವಾದ, ಬೇಗ ಇಂಗುವಂತೆ ಕಾಣುವ, ಸಣ್ಣ ಬಾಟಲಿಯಲ್ಲಿ ಬರುವ ಯಾವುದಕ್ಕೂ ಆ ಹೆಸರು ಸಲ್ಲುತ್ತದೆ. ತೇವದ ಸೀರಮ್ ಎಂದರೆ ಹೆಚ್ಚಿನಂಶ ನೀರು. ಅದರಲ್ಲಿ ಶೇಕಡಾ ಐದೋ ಹತ್ತೋ ತೇವ ಹಿಡಿಯುವ ವಸ್ತುಗಳು, ಮಂದವಾಗಿಸಲು ಒಂದು ಅಂಟು, ಕೆಡದಂತೆ ಕಾಯಲು ಸಂರಕ್ಷಕ. ಎಣ್ಣೆ ಇರುವುದಿಲ್ಲ ಅಥವಾ ನಾಮಮಾತ್ರಕ್ಕೆ ಇರುತ್ತದೆ. ಹಗುರವೆನಿಸುವುದು ಅದರಿಂದಲೇ, ನೀರು ಹಾರಿಹೋಗದಂತೆ ತಡೆಯಲಾಗದಿರುವುದೂ ಅದರಿಂದಲೇ.

ಹಯಲುರಾನಿಕ್ ಆಮ್ಲಕ್ಕೆ ದೊಡ್ಡ ಹೆಸರು ಬಂದಿದೆ, ಪೂರ್ತಿ ಅನ್ಯಾಯವಾಗಿಯೇನಲ್ಲ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅದನ್ನು ಹಸುವಿನ ಕಣ್ಣಿನೊಳಗಿನ ಲೋಳೆಯಿಂದ ಬೇರ್ಪಡಿಸಿದರು. ಗಾಜಿನಂತೆ ತಿಳಿಯಾಗಿದ್ದ ಕಾರಣ ಗ್ರೀಕ್ ಭಾಷೆಯ ‘ಗಾಜು’ ಎಂಬ ಪದ ಅದರ ಹೆಸರಿಗೆ ಸೇರಿತು. ನಮ್ಮ ಕೀಲುಗಳಲ್ಲಿ, ಕಣ್ಣಿನಲ್ಲಿ, ಚರ್ಮದ ಒಳಪದರದಲ್ಲಿ ಅದು ಇದ್ದೇ ಇದೆ. 70 ಕಿಲೋ ತೂಗುವ ದೇಹದಲ್ಲಿ ಸುಮಾರು 15 ಗ್ರಾಂ, ಅದರಲ್ಲಿ ಮೂರನೇ ಒಂದು ಪಾಲು ದಿನದಿನವೂ ಕರಗಿ ಹೊಸದಾಗಿ ಹುಟ್ಟುತ್ತದೆ. ಆದರೆ ಮೇಲೆ ಹಚ್ಚಿದ್ದು ಒಳಗೆ ಹೋಗಿ ಆ ಹದಿನೈದು ಗ್ರಾಂಗೆ ಸೇರುವುದಿಲ್ಲ. ಚರ್ಮ ದಾಟಿ ಒಳಹೋಗಬೇಕಾದರೆ ಅಣುವಿನ ತೂಕ ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುಗಳ ತೂಕದ ಮಾನ) ಕಡಿಮೆ ಇರಬೇಕು ಎಂದು ಬೋಸ್ ಮತ್ತು ಮೈನಾರ್ಡಿ 2000ರಲ್ಲಿ ಒಂದು ಅಂದಾಜು ಸೂತ್ರ ಕೊಟ್ಟರು. ಸೀರಮ್‌ಗಳಲ್ಲಿ ಬಳಸುವ ದೊಡ್ಡ ಹಯಲುರಾನಿಕ್ ಅಣು ಹತ್ತು ಲಕ್ಷ ಡಾಲ್ಟನ್ ದಾಟುತ್ತದೆ. ತುಂಡರಿಸಿದ ಸಣ್ಣ ಅಣುಗಳೂ ಸಾಮಾನ್ಯವಾಗಿ ಸಾವಿರಗಳ ಲೆಕ್ಕದಲ್ಲಿರುತ್ತವೆ. ಅದು ಮೇಲೆಯೇ ಕೂರುವ ವಸ್ತು. ಮೇಲೆ ಕೂತೇ ಒಳ್ಳೆಯದು ಮಾಡಬಲ್ಲದು, ಆದರೆ ಒಬ್ಬಂಟಿಯಾಗಿ ಅಲ್ಲ.

ಪ್ರಯೋಗಾಲಯಕ್ಕೆ ಅದು ಬರುವುದು ಬಿಳಿಯ, ಹಗುರವಾದ ಪುಡಿಯಾಗಿ. ಹಿಂದೆ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು, ಈಗ ಬಹುಪಾಲು ಬ್ಯಾಕ್ಟೀರಿಯಾ ಬೆಳೆಸಿ ಪಡೆಯುತ್ತಾರೆ. ಅವಸರದಲ್ಲಿ ಒಮ್ಮೆಗೇ ನೀರಿಗೆ ಸುರಿದರೆ ಗಂಟುಗಟ್ಟುತ್ತದೆ: ಹೊರಗೆ ಲೋಳೆ, ಒಳಗೆ ಒಣ ಪುಡಿ. ಕಲಕುತ್ತಾ ಚಿಟಿಕೆ ಚಿಟಿಕೆಯಾಗಿ ಉದುರಿಸಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ತಿಳಿಯಾದ ಲೋಳೆ ಸಿದ್ಧವಾಗಿರುತ್ತದೆ. ದೊಡ್ಡ ಅಣುವಿನ ಪುಡಿಯಾದರೆ ನೂರು ಗ್ರಾಂ ನೀರಿಗೆ ಒಂದೇ ಗ್ರಾಂ ಹಾಕಿದರೂ ಸಾಕು, ಚಮಚದಿಂದ ಎತ್ತಿದಾಗ ಎಳೆಯೆಳೆಯಾಗಿ ಇಳಿಯುವಷ್ಟು ಮಂದ. ಆದ್ದರಿಂದ ‘ಶೇಕಡಾ 2’ ಎಂದು ಬರೆದ ಬಾಟಲಿಯಲ್ಲಿ ನೀರಿನಂಥ ದ್ರವ ಕಂಡರೆ ನನಗೆ ನಗು ಬರುತ್ತದೆ. ಒಂದೋ ಅಣುವನ್ನು ಚೆನ್ನಾಗಿ ತುಂಡರಿಸಿರುತ್ತಾರೆ, ಇಲ್ಲವೇ ಆ ಎರಡು ಎಂಬುದು ಪುಡಿಯ ಲೆಕ್ಕವಲ್ಲ, ಮೊದಲೇ ನೀರಿನಲ್ಲಿ ಕರಗಿಸಿದ ದ್ರಾವಣದ ಲೆಕ್ಕ.

ತನ್ನ ತೂಕದ ಸಾವಿರ ಪಟ್ಟು ನೀರು ಹಿಡಿಯುತ್ತದೆ ಎಂಬ ಜಾಹೀರಾತಿನ ಮಾತೂ ಇಂಥದ್ದೇ. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಹಾಕಿದರೆ ಇಡೀ ನೀರು ತುಸು ಮಂದವಾಗುವುದು ನಿಜ. ಆದರೆ ಅದನ್ನು ತೆರೆದಿಟ್ಟರೆ ನೀರು ಆರಿಹೋಗುತ್ತದೆ, ತಳದಲ್ಲಿ ಪೊರೆ ಉಳಿಯುತ್ತದೆ. ನೀರನ್ನು ಮಂದವಾಗಿಸುವುದೇ ಬೇರೆ, ಬಿಡದೆ ಹಿಡಿದುಕೊಳ್ಳುವುದೇ ಬೇರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಆ ಮಾತನ್ನು ನಂಬಿ ಹಯಲುರಾನಿಕ್ ಆಮ್ಲವನ್ನೇ ಧಾರಾಳವಾಗಿ ಸುರಿದು ಒಂದು ಸೀರಮ್ ಮಾಡಿದ್ದೆ. ನೋಡಲು ಸ್ಫಟಿಕದಂತಿತ್ತು. ನನ್ನದೇ ಮುಖಕ್ಕೆ ಹಚ್ಚಿಕೊಂಡು ಕೆಲಸಕ್ಕೆ ಕೂತೆ, ಗಂಟೆ ಕಳೆಯುವುದರೊಳಗೆ ನಗಲು ಹೋದರೆ ಬಾಯಿಯ ಎರಡೂ ಬದಿ ಅಂಟು ಒಣಗಿದ ಕಾಗದದಂತೆ ಎಳೆಯಿತು. ಪುಡಿಯನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿ, ಶೇಕಡಾ ಆರರಷ್ಟು ಗ್ಲಿಸರಿನ್ ಸೇರಿಸಿದ ಮೇಲೆ ಆ ಕಾಟ ತಪ್ಪಿತು.

ಗ್ಲಿಸರಿನ್ ಎಂದರೆ ಯಾರಿಗೂ ರೋಮಾಂಚನವಾಗುವುದಿಲ್ಲ. 1779ರಲ್ಲಿ ಶೀಲೆ ಕಂಡುಹಿಡಿದ ಹಳೆಯ ವಸ್ತು, ಅಗ್ಗದ್ದು, ಸಿಹಿಯಾದ ಅಂಟು ದ್ರವ. ಆದರೆ ದಿನನಿತ್ಯದ ತೇವಕ್ಕೆ ಒಂದೇ ಒಂದು ವಸ್ತು ಆರಿಸು ಎಂದರೆ ನಾನು ಆರಿಸುವುದು ಅದನ್ನೇ. ಅದರ ಅಣುತೂಕ ಬರೀ 92, ಹಾಗಾಗಿ ಮೇಲ್ಪದರದೊಳಕ್ಕೆ ಸಲೀಸಾಗಿ ಇಳಿಯುತ್ತದೆ. ಗಾಳಿಗೆ ಆರಿಹೋಗುವುದಿಲ್ಲ. ಗಾಜಿನ ತಟ್ಟೆಯ ಮೇಲೆ ನೀವೇ ನೋಡುತ್ತೀರಿ. ಇನ್ನೊಂದು ವಿಷಯವಿದೆ. ಕೋಶಗಳ ಗೋಡೆಯಲ್ಲಿ ನೀರು ಹಾಯುವ ಅಕ್ವಾಪೊರಿನ್ ಎಂಬ ಕಾಲುವೆಗಳಿವೆ, ಅವುಗಳ ಶೋಧಕ್ಕಾಗಿ ಪೀಟರ್ ಏಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಚರ್ಮದಲ್ಲಿರುವ ಮೂರನೆಯ ಬಗೆಯ ಅಕ್ವಾಪೊರಿನ್ ನೀರಿನ ಜೊತೆಗೆ ಗ್ಲಿಸರಿನ್ ಅನ್ನೂ ಸಾಗಿಸುತ್ತದೆ. ಆ ಕಾಲುವೆ ಇಲ್ಲದಂತೆ ಬೆಳೆಸಿದ ಇಲಿಗಳ ಚರ್ಮ ಒಣಗಿತು, ಗ್ಲಿಸರಿನ್ ಕೊಟ್ಟಾಗ ಸರಿಹೋಯಿತು. ಅಂದರೆ ಅದು ಚರ್ಮಕ್ಕೆ ಹೊರಗಿನ ನೆಂಟನಲ್ಲ, ಮನೆಯವನೇ. ಅದರ ಒಂದೇ ಅವಗುಣ ಅಂಟು. ಶೇಕಡಾ ಮೂರರಿಂದ ಎಂಟರೊಳಗೆ ಇದ್ದರೆ ಸಹಿಸಬಹುದು, ಹತ್ತು ದಾಟಿದರೆ ತಲೆದಿಂಬು ಕೆನ್ನೆಗೆ ಅಂಟುತ್ತದೆ. ಬಾಟಲಿಯ ಗ್ಲಿಸರಿನ್ ಅನ್ನೇ ನೇರವಾಗಿ ಮುಖಕ್ಕೆ ಬಳಿದುಕೊಳ್ಳಬೇಡಿ, ಅದು ಸೀರಮ್‌ಗೆ ಬದಲಿಯಲ್ಲ.

ಲೇಬಲ್ ಓದುವ ಗುಟ್ಟು ಇಲ್ಲಿಂದ ಶುರು. ಬಹುತೇಕ ಕಡೆ ಸಾಮಗ್ರಿಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ, ಆದರೆ ಶೇಕಡಾ ಒಂದಕ್ಕಿಂತ ಕಡಿಮೆ ಇರುವವನ್ನು ಹೇಗೆ ಬೇಕಾದರೂ ಜೋಡಿಸಬಹುದು. ಆ ಗೆರೆ ಎಲ್ಲಿದೆ ಎಂದು ಲೇಬಲ್ ಹೇಳುವುದಿಲ್ಲ, ನಾವೇ ಊಹಿಸಬೇಕು. ನಾನು ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಹುಡುಕುತ್ತೇನೆ. ಯುರೋಪಿನ ನಿಯಮದಲ್ಲಿ ಅದರ ಮಿತಿ ಶೇಕಡಾ 1. ಅದರ ನಂತರ ಬಂದ ಹೆಸರುಗಳೆಲ್ಲ ಬಹುಮಟ್ಟಿಗೆ ಅದಕ್ಕಿಂತ ಕಡಿಮೆ ಎಂದು ಲೆಕ್ಕ ಹಾಕಬಹುದು. ನೀರಿನ ನಂತರದ ಎರಡನೆಯ ಅಥವಾ ಮೂರನೆಯ ಜಾಗದಲ್ಲಿ ಗ್ಲಿಸರಿನ್ ಇದೆಯೇ ನೋಡಿ. ಜೊತೆಗೆ ಪ್ರೊಪೇನ್‌ಡಯಾಲ್, ಬ್ಯುಟಿಲೀನ್ ಗ್ಲೈಕಾಲ್, ಬೀಟೈನ್, ಸೋಡಿಯಂ ಪಿಸಿಎ ಇದ್ದರೆ ಒಳ್ಳೆಯದು. ಇವು ತೇವವನ್ನೂ ಹಿಡಿಯುತ್ತವೆ, ಗ್ಲಿಸರಿನ್‌ನ ಅಂಟನ್ನೂ ಮುರಿಯುತ್ತವೆ. ಪ್ಯಾಂಥೆನಾಲ್ ಕೆರಳಿದ ಚರ್ಮಕ್ಕೆ ಹಿತ. ಸೋಡಿಯಂ ಹಯಲುರಾನೇಟ್ (ಹಯಲುರಾನಿಕ್ ಆಮ್ಲದ ಲವಣ ರೂಪ) ಪಟ್ಟಿಯ ಕೊನೆಯಲ್ಲಿದ್ದರೆ ಮೋಸ ಹೋದೆವೆಂದು ಬೇಸರ ಬೇಡ, ಅದು ಕೆಲಸ ಮಾಡುವುದೇ ಶೇಕಡಾ ಒಂದರೊಳಗೆ. ಬೇಸರ ಪಡಬೇಕಾದದ್ದು ನೀರು, ಸೋಡಿಯಂ ಹಯಲುರಾನೇಟ್, ಸಂರಕ್ಷಕ ಎಂಬ ಮೂರೇ ಹೆಸರಿಗೆ ಪಟ್ಟಿ ಮುಗಿದಾಗ. ನಿಮ್ಮ ಬಾಟಲಿ ಅಂಥದ್ದೇ ಇರಬೇಕೆಂದು ನನ್ನ ಊಹೆ.

ಬೇಡದ್ದನ್ನೂ ಹೇಳಬೇಕು. ಸುಗಂಧ ಎಂಬ ಹೆಸರು ಪಟ್ಟಿಯಲ್ಲಿದ್ದರೆ ನಾನಾದರೆ ಬಿಟ್ಟುಬಿಡುತ್ತೇನೆ. ತೇವಕ್ಕೆ ಅದರಿಂದ ಏನೂ ಆಗಬೇಕಿಲ್ಲ, ಅಲರ್ಜಿಗೆ ಮಾತ್ರ ದಾರಿ. ಆಲ್ಕೊಹಾಲ್ ಮೇಲಿನ ಸಾಲುಗಳಲ್ಲಿದ್ದರೆ ‘ಬೇಗ ಇಂಗುತ್ತದೆ’ ಎಂಬ ಭ್ರಮೆ ಹುಟ್ಟುವುದು ಅದು ಹಾರಿಹೋಗುವುದರಿಂದ. ನಿಯಾಸಿನಮೈಡ್ (ವಿಟಮಿನ್ ಬಿ3ರ ಒಂದು ರೂಪ) ಒಳ್ಳೆಯದೇ, ಶೇಕಡಾ 2ರಿಂದ 5ರಷ್ಟಿದ್ದರೆ ವಾರಗಳು ಕಳೆದಂತೆ ಚರ್ಮ ತನ್ನ ಸೆರಮೈಡ್ ಅನ್ನು ಹೆಚ್ಚಿಸಿಕೊಳ್ಳಲು ನೆರವಾಗುತ್ತದೆ. ಆದರೆ ಶೇಕಡಾ 10 ಎಂದು ಎದೆಯುಬ್ಬಿಸಿ ಬರೆದ ಸೀರಮ್ ಕೆಲವರಿಗೆ ಕೆಂಪು, ಉರಿ ತರುತ್ತದೆ. ಗ್ಲೈಕಾಲಿಕ್, ಸ್ಯಾಲಿಸಿಲಿಕ್ ಆಮ್ಲಗಳು ಸೇರಿದ್ದು ತೇವದ ಸೀರಮ್ ಅಲ್ಲ, ಸಿಪ್ಪೆ ಸುಲಿಯುವ ಸೀರಮ್. ಅದನ್ನು ಈಗ ಮುಟ್ಟಬೇಡಿ.

ಹಚ್ಚುವ ಬಗೆಗೆ ಹೆಚ್ಚು ಹೇಳಬೇಕಿಲ್ಲ, ಆದರೆ ಹೇಳುವಷ್ಟು ಮುಖ್ಯ. ಮುಖವನ್ನು ಒರೆಸಿ ಪೂರ್ತಿ ಒಣಗಿಸಬೇಡಿ. ಟವೆಲ್ ಅನ್ನು ಒತ್ತಿ ತೆಗೆಯಿರಿ, ಚರ್ಮ ಮುಟ್ಟಿದರೆ ತಣ್ಣಗೆ ಹಸಿಯಾಗಿರಬೇಕು, ನೀರು ಇಳಿಯಬಾರದು. ಆಗಲೇ ಐದಾರು ಹನಿ ಅಂಗೈಗೆ ಹಾಕಿಕೊಂಡು ಎರಡೂ ಕೈಗೆ ಹರಡಿ ಕೆನ್ನೆಯಿಂದ ಶುರು ಮಾಡಿ ಒತ್ತುತ್ತಾ ಹಚ್ಚಿ. ಇಪ್ಪತ್ತು ಹನಿ ಸೇರಿದರೆ ಸುಮಾರು ಒಂದು ಮಿಲಿ. ದಿನಕ್ಕೆ ಎರಡು ಸಲ ಆರು ಹನಿಯಂತೆ ಬಳಸಿದರೆ 30 ಮಿಲಿಯ ಬಾಟಲಿ ಐವತ್ತು ದಿನ ಬರಬೇಕು. ಇಪ್ಪತ್ತು ದಿನಕ್ಕೇ ಮುಗಿದರೆ ಹೆಚ್ಚು ಹಚ್ಚುತ್ತಿದ್ದೀರಿ, ಪೊರೆ ದಪ್ಪವಾದಷ್ಟೂ ಎಳೆತವೂ ಹೆಚ್ಚು. ಹನಿ ಹಾಕುವ ಕೊಳವೆಯನ್ನು ಕೆನ್ನೆಗೆ ತಾಗಿಸಿ ಹಚ್ಚುವ ಚಿತ್ರಗಳನ್ನು ನೋಡಿರುತ್ತೀರಿ. ನೋಡಲು ಚೆಂದ, ಆದರೆ ಮುಖದ ಮೇಲಿನ ಸೂಕ್ಷ್ಮಜೀವಿಗಳನ್ನು ಹಾಗೆಯೇ ಬಾಟಲಿಯೊಳಕ್ಕೆ ಕಳಿಸಿದಂತೆ. ಬಾಟಲಿಯ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಅದರೊಳಗೆ 6 ಅಥವಾ 12 ಎಂಬ ಅಂಕಿ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳೊಳಗೆ ಮುಗಿಸಬೇಕು.

ಕ್ರೀಮ್ ಬೇಕೇ ಬೇಕೇ ಎಂದು ಕೇಳಿದ್ದೀರಿ. ಮುಚ್ಚಳ ಬೇಕು. ಅದು ಕ್ರೀಮೇ ಆಗಬೇಕೆಂದಿಲ್ಲ. ಹಗಲಿನಲ್ಲಿ ಸೀರಮ್‌ನ ಮೇಲೆ ಸನ್‌ಸ್ಕ್ರೀನ್ ಹಚ್ಚುವುದಾದರೆ ನಿಮ್ಮಂಥ ಚರ್ಮಕ್ಕೆ ಅದೇ ಮುಚ್ಚಳವಾಗುತ್ತದೆ, ಇನ್ನೊಂದು ಪದರ ಬೇಡ. ರಾತ್ರಿ, ಮೊಡವೆ ಏಳಿಸದ ತೆಳು ಲೋಷನ್ ಒಂದನ್ನು ಕೆನ್ನೆಗೆ, ಬಾಯಿಯ ಸುತ್ತ ಮಾತ್ರ ಸವರಿ. ಹಣೆ, ಮೂಗಿಗೆ ಬೇಡ, ಅಲ್ಲಿ ನಿಮ್ಮ ಗ್ರಂಥಿಗಳೇ ಆ ಕೆಲಸ ಮಾಡುತ್ತಿವೆ. ಇಡೀ ಮುಖಕ್ಕೆ ಒಂದೇ ನ್ಯಾಯ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಗಾಳಿಯಲ್ಲಿ ತೇವ ತುಂಬಿರುವ ದಿನಗಳಲ್ಲಿ ಲೋಷನ್ ಇಲ್ಲದೆಯೂ ನಡೆಯುತ್ತದೆ. ಒಣ ಹವೆಯಲ್ಲಿ, ದಿನವಿಡೀ ಎಸಿ ಓಡುವ ಕೋಣೆಯಲ್ಲಿ ಮುಚ್ಚಳವಿಲ್ಲದ ಸೀರಮ್ ಎಂದರೆ ಬಟ್ಟೆ ಒಣಹಾಕಿದಂತೆ.

ಸೀರಮ್ ಹಚ್ಚಿ, ಮೇಲೆ ಸನ್‌ಸ್ಕ್ರೀನ್ ಉಜ್ಜಿದಾಗ ರಬ್ಬರ್‌ನಿಂದ ಅಳಿಸಿದ ಪುಡಿಯಂತೆ ಬಿಳಿ ಸುರುಳಿಗಳು ಏಳಬಹುದು. ಅದು ನಿಮ್ಮ ಸತ್ತ ಚರ್ಮವಲ್ಲ, ಸೀರಮ್‌ನ ಅಂಟು. ಕಡಿಮೆ ಹಚ್ಚಿ, ಎರಡು ಮೂರು ನಿಮಿಷ ಕಾಯಿರಿ, ಸನ್‌ಸ್ಕ್ರೀನ್ ಅನ್ನು ಉಜ್ಜದೆ ತಟ್ಟುತ್ತಾ ಹರಡಿ. ಆದರೂ ಎದ್ದರೆ ಎರಡು ಬಾಟಲಿಗಳ ಜಾತಕ ಕೂಡುವುದಿಲ್ಲ ಎಂದುಕೊಂಡು ಒಂದನ್ನು ಬದಲಿಸಿ. ಹೊಸ ಸೀರಮ್ ತಂದಾಗ ಮೊದಲು ಮೊಣಕೈ ಮಡಿಚುವಲ್ಲಿ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ, ಮುಖಕ್ಕೆ ಆಮೇಲೆ.

ದಿನವೂ ಹಚ್ಚಬಹುದೇ? ಹಚ್ಚಬಹುದು, ವರ್ಷಗಟ್ಟಲೆ. ಗ್ಲಿಸರಿನ್, ಪ್ಯಾಂಥೆನಾಲ್, ಹಯಲುರಾನೇಟ್ ಇವು ಯಾವುವೂ ಚರ್ಮಕ್ಕೆ ಚಟ ಹಿಡಿಸುವುದಿಲ್ಲ. ಆದರೆ ಅದರಿಂದ ಏನು ಸಿಗುತ್ತದೆ ಎಂಬುದರ ಅಳತೆ ಗೊತ್ತಿರಲಿ. ತೇವ ಆರಿದಾಗ ಕಣ್ಣಿನ ಕೆಳಗೆ ಕಾಣುವ ನವಿರಾದ ಗೆರೆಗಳು ಹಚ್ಚಿದ ಹತ್ತೇ ನಿಮಿಷಕ್ಕೆ ಮಾಸುತ್ತವೆ, ಸಂಜೆಗೆ ಮತ್ತೆ ಬರಬಹುದು. ವಯಸ್ಸಿನ ಆಳದ ಗೆರೆ, ಕಲೆ, ಮೊಡವೆ ಇವುಗಳ ತಂಟೆಗೆ ಈ ಸೀರಮ್ ಹೋಗುವುದಿಲ್ಲ. ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಅಥವಾ ರೆಟಿನಾಯ್ಡ್ ಬಳಸುತ್ತಿದ್ದರೆ ಅವೂ ಚರ್ಮ ಒಣಗಿಸುತ್ತವೆ. ನಿಮ್ಮ ಪತ್ರದಲ್ಲಿ ಅದರ ಸುದ್ದಿಯಿಲ್ಲ, ಬಳಸುತ್ತಿದ್ದರೆ ಬರೆದುಕೊಟ್ಟ ವೈದ್ಯರಿಗೆ ಬಿಗಿತದ ವಿಷಯ ತಿಳಿಸಿ. ಬರೀ ನೀರು ತಾಗಿದರೂ ಉರಿಯುವುದು, ಕೆಂಪು ತೇಪೆ, ನಿಲ್ಲದ ತುರಿಕೆ, ಮೂಗಿನ ಅಂಚು, ಹುಬ್ಬಿನಲ್ಲಿ ಹಳದಿ ಹೊಟ್ಟು, ಇವುಗಳಲ್ಲಿ ಯಾವುದಿದ್ದರೂ ಸೀರಮ್ ಬದಿಗಿಟ್ಟು ಚರ್ಮದ ವೈದ್ಯರನ್ನು ಕಾಣಿ. ಮುಖವಷ್ಟೇ ಅಲ್ಲದೆ ಮೈಯೆಲ್ಲ ಒಣಗಿ, ಜೊತೆಗೆ ಸುಸ್ತು, ಚಳಿ ತಡೆಯದಿರುವುದು ಇದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಅವರೇ ಹೇಳುತ್ತಾರೆ.

ಈಗಿರುವ ಬಾಟಲಿಯನ್ನು ಎಸೆಯಬೇಡಿ. ಮೊದಲ ವಾರ ಫೇಸ್ ವಾಶ್ ಒಂದನ್ನು ಮಾತ್ರ ಕಡಿಮೆ ಮಾಡಿ, ಉಳಿದದ್ದೇನನ್ನೂ ಬದಲಿಸಬೇಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಎರಡನೆಯ ವಾರದಿಂದ ಹಸಿ ಮುಖದ ಮೇಲೆ, ಬಲಗೆನ್ನೆಗೆ ಸೀರಮ್ ಮತ್ತು ಲೋಷನ್, ಎಡಗೆನ್ನೆಗೆ ಲೋಷನ್ ಮಾತ್ರ ಹಚ್ಚಿ. ಮುಖ ತೊಳೆದು ಹತ್ತು ನಿಮಿಷವಾದ ಮೇಲೆ ಒಂದು ಸಲ, ಮಧ್ಯಾಹ್ನ ಇನ್ನೊಂದು ಸಲ ಬಾಯಿ ಅಗಲಿಸಿ ನಕ್ಕು ನೋಡಿ, ಯಾವ ಕೆನ್ನೆ ಎಳೆಯುತ್ತದೆ ಎಂದು ಒಂದು ಚೀಟಿಯಲ್ಲಿ ಗುರುತು ಹಾಕಿ. ಹದಿನೈದು ದಿನ ಹೀಗೆ ನಡೆಸಿ. ಬಲಗೆನ್ನೆ ನಿಜಕ್ಕೂ ಹಿತವಾಗಿದ್ದರೆ ಈ ಬಾಟಲಿ ಮುಗಿಸಿ, ಮುಂದಿನ ಸಲ ಗ್ಲಿಸರಿನ್ ಮೇಲಿನ ಸಾಲಿನಲ್ಲಿರುವುದನ್ನು ತನ್ನಿ. ಎರಡೂ ಕೆನ್ನೆ ಒಂದೇ ತೆರನಾಗಿ ಅನಿಸಿದರೆ ಇನ್ನೊಂದು ಬಾಟಲಿ ತರಲೇಬೇಡಿ.